ಹತ್ತಕ್ಕೆ ಹತ್ತೂ ಸದ್ದಿಲ್ಲ

ಬುಧವಾರ ಬೆಳಿಗ್ಗೆ ಆರನೆಯ ಪಟ್ಟಿಯೂ ‘ಟಕ್’ ಎಂದು ಮುರಿದು ಬಿದ್ದಾಗ ಉಯ್ಯಾಲೆಯಕ್ಕ ಮೊದಲು ಮಾಡಿದ ಕೆಲಸವೆಂದರೆ ಕನ್ನಡಕ ತೆಗೆದು ಮೇಲಂಗಿಯ ತುದಿಯಿಂದ ಒರೆಸಿದ್ದು. ಮತ್ತೆ ಹಾಕಿಕೊಂಡು ನೋಡಿದಳು. ಮುಳ್ಳು ಒಂಬತ್ತರ ಮೇಲೇ ನಿಂತಿತ್ತು. ಹದಿನೆಂಟರ ಮೇಲೆ ನಿಲ್ಲಬೇಕಾದ ಮುಳ್ಳು.

ಕಲ್ಲುಗಣಿಯ ಬೇಲಿಯ ಅಂಚಿನಲ್ಲಿ, ಉಳಿದ ಕಟ್ಟಡಗಳಿಂದ ಕೂಗಳತೆಯಷ್ಟು ದೂರದಲ್ಲಿದ್ದ ಆ ಎರಡು ಕೋಣೆಗಳ ಬಾಗಿಲಿಗೆ ‘ಪರೀಕ್ಷಾ ವಿಭಾಗ’ ಎಂಬ ಬೋರ್ಡಿತ್ತು. ಆ ಹೆಸರು ಹಿಡಿದು ಕರೆದವರನ್ನು ಯಾರೂ ಕಂಡಿರಲಿಲ್ಲ. ಎಲ್ಲರಿಗೂ ಅದು ಉಯ್ಯಾಲೆ ಮನೆ. ಒಳಗೆ ಎರಡು ಲೋಲಕಗಳಿದ್ದವು. ಅವನ್ನು ಇಪ್ಪತ್ತೆರಡು ವರ್ಷಗಳಿಂದ ತೂಗುತ್ತ ಬಂದಿದ್ದರಿಂದ ಅವಳು ಉಯ್ಯಾಲೆಯಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಿದ್ದರು.

ಚಿಕ್ಕ ಕೋಣೆಯ ಚಿಕ್ಕ ಉಯ್ಯಾಲೆ ಪ್ಲಾಸ್ಟಿಕ್ಕಿಗೆ. ಕಂಬಕ್ಕೆ ತೂಗುಹಾಕಿದ ಒಂದು ಸುತ್ತಿಗೆ. ಕೆಳಗೆ ಇಕ್ಕಳದಲ್ಲಿ ಬೆರಳುದ್ದದ ಪಟ್ಟಿ, ಪಟ್ಟಿಯ ನಡುವೆ ಒಂದು ಕಚ್ಚು. ಸುತ್ತಿಗೆಯನ್ನು ಎತ್ತಿ ಬಿಟ್ಟರೆ ಅದು ತೂಗಿ ಬಂದು ಪಟ್ಟಿಯನ್ನು ಮುರಿದು ಆಚೆ ಬದಿಗೆ ಏರುತ್ತದೆ. ಪಟ್ಟಿ ಎಲ್ಲ ಸಲವೂ ಮುರಿಯುತ್ತದೆ. ಎಷ್ಟು ಸುಲಭವಾಗಿ ಮುರಿಯಿತು ಎಂಬುದಷ್ಟೇ ಪ್ರಶ್ನೆ. ಗಟ್ಟಿ ಪಟ್ಟಿಯಾದರೆ ಸುತ್ತಿಗೆಯ ಬಲವನ್ನೆಲ್ಲ ತಿಂದುಹಾಕುತ್ತದೆ, ಸುತ್ತಿಗೆ ಆಚೆಗೆ ಹೆಚ್ಚು ಏರಲಾರದು, ಮುಳ್ಳು ದೊಡ್ಡ ಅಂಕಿ ತೋರಿಸುತ್ತದೆ. ಪೆಡಸು ಪಟ್ಟಿಯಾದರೆ ಸುತ್ತಿಗೆಗೆ ತಾನು ಏನನ್ನಾದರೂ ಮುರಿದೆನೆಂದೇ ಗೊತ್ತಾಗುವುದಿಲ್ಲ. ಈ ಪಟ್ಟಿಗಳು ನೈಲಾನಿನವು. ಸಿಡಿಮದ್ದಿನ ಪೆಟ್ಟಿಗೆಗೆ ಕಬ್ಬಿಣ ತಾಗಕೂಡದು, ಹಾಗಾಗಿ ಅದರ ಚಿಲಕವೂ ನೈಲಾನಿನದೇ.

ದೊಡ್ಡ ಕೋಣೆಯ ದೊಡ್ಡ ಉಯ್ಯಾಲೆ ಮದ್ದಿಗೆ. ಆಳುದ್ದದ ತೋಳಿನ ತುದಿಯಲ್ಲಿ ಒಂದು ಪಾದ. ಕೆಳಗಿನ ಉಕ್ಕಿನ ಹಲಗೆಯ ಮೇಲೆ ಒಂದು ಚಮಚ ಮದ್ದು ಉದುರಿಸಿ, ದಪ್ಪ ಗೋಡೆಯ ಹಿಂದೆ ನಿಂತು ಹಗ್ಗ ಎಳೆದರೆ ಪಾದ ಅದರ ಮೇಲೆ ಉಜ್ಜಿಕೊಂಡು ಹೋಗುತ್ತದೆ, ಬರುತ್ತದೆ. ಹೀಗೆ ಹತ್ತು ಚಮಚ, ಹತ್ತು ಸಲ. ಮದ್ದು ಸುಮ್ಮನಿದ್ದರೆ ಒಳ್ಳೆಯ ಮದ್ದು. ಒಂದೇ ಒಂದು ಸಲ ‘ಚಟ್’ ಎಂದರೂ ಆ ಬ್ಯಾಚು ಗಣಿಗೆ ಇಳಿಯುವಂತಿಲ್ಲ, ಕಲಸಿದವರ ಕಾರ್ಖಾನೆಗೇ ವಾಪಸ್ಸು. ಮೊದಲೆಲ್ಲ ವರ್ಷಕ್ಕೆ ಎರಡು ಮೂರು ಬ್ಯಾಚು ಹಾಗೆ ವಾಪಸ್ಸಾಗುತ್ತಿದ್ದವು. ಆದರೆ ನಾಲ್ಕು ವರ್ಷಗಳಿಂದ, ಹೋದ ತಿಂಗಳಿನವರೆಗೆ, ವಹಿಯಲ್ಲಿ ಅವಳು ಬರೆದದ್ದು ಒಂದೇ ಸಾಲು: ಹತ್ತಕ್ಕೆ ಹತ್ತೂ ಸದ್ದಿಲ್ಲ. ಮದ್ದಿನ ಗುಣ ಸುಧಾರಿಸಿದೆಯೆಂದು ಕಾರ್ಖಾನೆಯವರಿಗೆ ಮೇಲಿನವರಿಂದ ಮೆಚ್ಚುಗೆಯ ಕಾಗದ ಬಂದಿತ್ತು. ಅದರದೊಂದು ನಕಲು ಉಯ್ಯಾಲೆ ಮನೆಯ ಗೋಡೆಯ ಮೇಲೂ ಇತ್ತು. ಚಿಲಕದ ಪಟ್ಟಿಗಳೂ ಹಾಗೆಯೇ. ಹತ್ತು, ಹನ್ನೊಂದು ಎಂದು ತೆವಳುತ್ತಿದ್ದಂಥವು ನಾಲ್ಕು ವರ್ಷಗಳ ಹಿಂದೆ ಹದಿನೆಂಟಕ್ಕೆ ಹಾರಿದ್ದವು. ಚಿಲಕ ಮಾಡುವವನು ಅದೆಲ್ಲ ತನ್ನ ಹೊಸ ಅಚ್ಚಿನ ಮಹಿಮೆ ಎಂದು ಹೇಳಿಕೊಂಡು ತಿರುಗಿದ್ದ. ಗಣಿಯವರೂ ಖುಷಿಯಾಗಿ ಹದಿನೈದಕ್ಕಿಂತ ಕಡಿಮೆ ಬಂದರೆ ಬೇಡವೆಂದು ನಿಯಮ ಮಾಡಿದ್ದರು.

ಈಗ ಒಂಬತ್ತು. ಮೇಲಾಗಿ ಹೋದ ತಿಂಗಳು ದೊಡ್ಡ ಉಯ್ಯಾಲೆಯೂ ಎರಡು ಬ್ಯಾಚಿನಲ್ಲಿ ‘ಚಟ್’ ಎಂದಿತ್ತು. ಒಂದು ಕೆಟ್ಟಿದ್ದರೆ ಸರಿ, ರಿಪೇರಿಗೆ ಬರೆಯಬಹುದು. ಎರಡಕ್ಕೂ ಒಟ್ಟಿಗೆ ತಲೆ ಕೆಟ್ಟರೆ ಯಾರಿಗೆ ಹೇಳುವುದು?

ಮಧ್ಯಾಹ್ನದೊಳಗೆ ಚಿಲಕದವನು ಏದುಸಿರು ಬಿಡುತ್ತ ಬಂದ. ಬಂದವನೇ ಬೆಂಚಿನ ಮೇಲೆ ಕುಳಿತು ಮೊಣಕಾಲು ತಿಕ್ಕಿಕೊಂಡ.

“ಅಕ್ಕಾ, ನಿಮ್ಮ ಉಯ್ಯಾಲೆಗೆ ವಯಸ್ಸಾಯ್ತು. ಬೆಳಿಗ್ಗೆ ಎದ್ರೆ ನನ್ನ ಮೊಣಕಾಲೂ ಹೀಗೇ ಟಕ್ ಅನ್ನುತ್ತೆ.”

“ಪರೀಕ್ಷೆಗೆ ಮೊಣಕಾಲು ತಂದಿದ್ದೀರೋ, ಚಿಲಕ ತಂದಿದ್ದೀರೋ?”

“ಅದೇ ಕಾಳು, ಅದೇ ಅಚ್ಚು, ಅದೇ ಬಿಸಿ. ನನ್ನ ಕಡೆ ಒಂದು ಕೂದಲೆಳೆ ಬದಲಾಗಿಲ್ಲ. ಬದಲಾಗಿದ್ರೆ ನಿಮ್ಮಲ್ಲೇ ಬದಲಾಗಿರ್ಬೇಕು.”

“ನಮ್ಮಲ್ಲಿ ಬದಲಾಗೋಕೆ ಏನಿದೆ? ಅದೇ ಸುತ್ತಿಗೆ, ಅದೇ ನಾನು.”

ಅವಳು ಸುಳ್ಳು ಹೇಳಿರಲಿಲ್ಲ. ಬೆಳಗಿನಿಂದ ರಸಮಟ್ಟ ಇಟ್ಟು ಕಂಬ ನೆಟ್ಟಗಿದೆಯೇ ಎಂದು ನೋಡಿದ್ದಳು. ಪಟ್ಟಿಯಿಲ್ಲದೆ ಸುತ್ತಿಗೆಯನ್ನು ಬರಿದೇ ತೂಗಿಬಿಟ್ಟು ಮುಳ್ಳು ಸೊನ್ನೆಗೆ ಬರುವುದನ್ನು ಮೂರು ಸಲ ನೋಡಿದ್ದಳು. ಸುತ್ತಿಗೆಯ ಅಂಚನ್ನು ಉಗುರಿನಿಂದ ಸವರಿ ನೋಡಿದ್ದಳು. ಎಲ್ಲ ಇದ್ದ ಹಾಗೇ ಇತ್ತು.

ಚಹಾ ಬಗ್ಗಿಸಿ ಕೊಟ್ಟಳು. ಅವನು ಲೋಟದೊಳಗೆ ಇಣುಕಿದ.

“ಇವತ್ತು ಚಹಾದಲ್ಲಿ ಮಾಂಸ ಇದೆಯಲ್ಲಕ್ಕಾ.”

“ಇರುವೆ. ಬೆರಳಲ್ಲಿ ತೆಗೆದು ಕುಡೀರಿ. ಹೊಸ ಸಾಹೇಬರು ಬಂದ್ಮೇಲೆ ನಮ್ಮ ಸಕ್ಕರೆ ಡಬ್ಬಿಗೆ ಬೀರುವಿನಲ್ಲಿ ಜಾಗ ಇಲ್ಲ. ಕಿಟಕಿ ಮೇಲೆ ಇಡ್ತೀನಿ, ಊರಿನ ಇರುವೆಯೆಲ್ಲ ಅಲ್ಲೇ ಸಂಸಾರ ಹೂಡಿದೆ.”

ಇರುವೆಯನ್ನು ನೆಲಕ್ಕೆ ಬಿಟ್ಟು ಅವನು ಚಹಾ ಕುಡಿದ. ಇನ್ನೊಂದು ಕಂತೆ ಪಟ್ಟಿ ಕಳಿಸುವೆನೆಂದು ಹೇಳಿ ಕುಂಟುತ್ತ ಹೋದ. ಗುರುವಾರ ಆ ಪಟ್ಟಿಗಳೂ ಬಂದವು. ಅವೂ ಒಂಬತ್ತೇ.

*

ಗುರುವಾರ ಸಂಜೆ ಅವಳು ಅಣ್ಣನ ಮನೆಗೆ ಹೋದಳು. ಎರಡು ಬೀದಿ ಆಚೆ. ಅಣ್ಣ ಕಿಟಕಿಯ ಬಳಿ ಮೇಜಿಗೆ ಕುಳಿತು ಹಳೆಯ ಪತ್ರಿಕೆಯ ಅಂಚಿನಲ್ಲಿ ರುಜು ಹಾಕುತ್ತಿದ್ದ. ಎಡಗೈಯಲ್ಲಿ. ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಎರಡೇ ಉಳಿದಿದ್ದವು. ಆ ಕೈ ಕಾಗದ ಅಲುಗದಂತೆ ಒತ್ತಿ ಹಿಡಿದಿತ್ತು. ಪತ್ರಿಕೆಯ ಸುತ್ತ ಅವನ ಹೆಸರು ಗಾಳಿಗೆ ಬಾಗಿದ ಪೈರಿನ ಹಾಗೆ ಒಂದೇ ಕಡೆಗೆ ವಾಲಿಕೊಂಡು ಸಾಲುಗಟ್ಟಿತ್ತು.

“ಬಾ ಅಕ್ಕಾ, ಕೂತ್ಕೋ” ಎಂದ, ತಲೆಯೆತ್ತದೆ.

ಮೊದಲು ಅವನು ಹಾಗೆ ಕರೆಯುತ್ತಿರಲಿಲ್ಲ. ಗಣಿಗೆ ಗಣಿಯೇ ಅಕ್ಕ ಎಂದರೂ ಅವನೊಬ್ಬನ ಬಾಯಲ್ಲಿ ಅವಳು ತಂಗಿಯಾಗಿದ್ದಳು. ಎರಡು ವರ್ಷದ ಹಿಂದಿನ ವಿಚಾರಣೆ ಮುಗಿದ ದಿನ ಮೆಟ್ಟಿಲಿಳಿಯುವಾಗ, “ನಡಿ ಅಕ್ಕಾ, ಮನೆಗೆ ಹೋಗೋಣ” ಎಂದಿದ್ದ. ಅಂದಿನಿಂದ ಅವನಿಗೂ ಅವಳು ಎಲ್ಲರ ಅಕ್ಕನೇ.

ಅವನು ಗಣಿಯಲ್ಲಿ ಮದ್ದು ತುಂಬುವವನಾಗಿದ್ದ. ಎರಡು ವರ್ಷದ ಹಿಂದೆ, ಕಲ್ಲೂ ಬೆವರುವಂಥ ಬಿಸಿಲಿನಲ್ಲಿ, ಪೆಟ್ಟಿಗೆಯಿಂದ ಮದ್ದನ್ನು ಸೌಟಿನಲ್ಲಿ ತೋಡುತ್ತಿದ್ದಾಗ ಅದು ಭುಸ್ಸೆಂದು ಹೊತ್ತಿ ಮೂರು ಬೆರಳು ಹೋದವು. ಪೆಟ್ಟಿಗೆಯ ಪಕ್ಕ ಎರಡು ಸೌಟುಗಳಿದ್ದವು. ಮದ್ದಿಗೆಂದು ಮರದ್ದು, ಕುಳಿಯ ಬಾಯಿಗೆ ಮರಳು ತುಂಬಲೆಂದು ಕಬ್ಬಿಣದ್ದು. ತಾನು ಹಿಡಿದದ್ದು ಮರದ್ದು ಎಂದ ಅವನು. ವಿಚಾರಣೆಯವರು ಪರೀಕ್ಷೆಯ ವಹಿ ತರಿಸಿದರು. ಆ ಬ್ಯಾಚಿನ ಎದುರು ಅವಳದೇ ದುಂಡನೆಯ ಅಕ್ಷರ: ಹತ್ತಕ್ಕೆ ಹತ್ತೂ ಸದ್ದಿಲ್ಲ. “ಈ ಮದ್ದು ಮರದ ಸೌಟು ಉಜ್ಜಿದರೆ ಹೊತ್ತಿಕೊಳ್ಳುತ್ತದೆಯೇನಮ್ಮಾ?” ಎಂದು ಅವಳನ್ನು ಕೇಳಿದರು. ಅಣ್ಣ ಅಲ್ಲೇ ಎದುರಿಗೆ, ಕೈಗೆ ಬಟ್ಟೆ ಸುತ್ತಿಕೊಂಡು ಕುಳಿತಿದ್ದ. ಅವಳು “ಇಲ್ಲ” ಎಂದಳು. ಉಯ್ಯಾಲೆ ಹೇಳಿದ್ದು ಅದನ್ನೇ. ಬೇರೆ ಏನು ಹೇಳಬೇಕಿತ್ತೆಂದು ಅವಳಿಗೆ ಇಂದಿಗೂ ಗೊತ್ತಿರಲಿಲ್ಲ.

ಹೋದ ತಿಂಗಳು ಮೇಲಿನವರು ಒಂದು ಕಾಗದ ಕಳಿಸಿದ್ದರು. ಮೇಜಿನ ಮೇಲೆ, ನೀರಿನ ಲೋಟದ ಕೆಳಗೆ ಅದು ಇತ್ತು. ‘ನನ್ನ ಅಜಾಗರೂಕತೆಯಿಂದ ಕಬ್ಬಿಣದ ಸೌಟು ಬಳಸಿದ ಕಾರಣ’ ಎಂದು ಶುರುವಾಗುತ್ತಿತ್ತು. ಸೋಮವಾರದೊಳಗೆ ರುಜು ಹಾಕಿ ಕೊಟ್ಟರೆ ಗೇಟು ಕಾಯುವ ಕೆಲಸ. ಇಲ್ಲವಾದರೆ ಕಡತ ಮುಚ್ಚುತ್ತಾರೆ.

“ಹಾಕಿಬಿಡ್ತಾನಾ?” ಎಂದು ಅಡುಗೆಮನೆಯಲ್ಲಿ ಅತ್ತಿಗೆಯನ್ನು ಕೇಳಿದಳು.

“ಹಾಕದೆ? ಎರಡು ವರ್ಷದಿಂದ ಮನೇಲಿ ಕೂತು ಗೋಡೆ ಲೆಕ್ಕ ಮಾಡ್ತಿದ್ದಾರೆ. ಗೇಟಲ್ಲಾದ್ರೂ ಕೂತ್ರೆ ನಾಲ್ಕು ಮುಖ ಕಾಣುತ್ತೆ.” ಅತ್ತಿಗೆ ಪಾತ್ರೆ ಉಜ್ಜುತ್ತ ದನಿ ತಗ್ಗಿಸಿದಳು. “ನೀವೇನೂ ಮಾತಾಡ್ಬೇಡಿ. ಅವರು ಮನಸ್ಸು ಗಟ್ಟಿ ಮಾಡ್ಕೊಂಡಿದ್ದಾರೆ.”

ಹೊರಡುವಾಗ ಅವಳು ಅಣ್ಣನಿಗೆ, ಎರಡು ಉಯ್ಯಾಲೆಗಳೂ ಕೆಟ್ಟಿವೆಯೆಂದು ಹೇಳಿದಳು. ಬೇರೆ ಮಾತು ಹೊಳೆಯಲಿಲ್ಲ.

“ಕೆಡೋದಾ? ನಿನ್ನ ಉಯ್ಯಾಲೆಗಳಾ?” ಅವನು ಮೊದಲ ಸಲ ತಲೆಯೆತ್ತಿ ನಕ್ಕ. “ಮನುಷ್ಯರು ಕೆಡ್ತಾರೆ ಅಕ್ಕಾ. ಅವು ಕೆಡಲ್ಲ.”

*

ಶುಕ್ರವಾರ ಬೆಳಿಗ್ಗೆ ಚಹಾಕ್ಕೆ ನೀರಿಟ್ಟು ಸಕ್ಕರೆ ಡಬ್ಬಿ ತೆಗೆದರೆ ಬಿಳಿಯದೆಲ್ಲ ಕಪ್ಪಾಗಿ ಹರಿದಾಡುತ್ತಿತ್ತು. ಅವಳಿಗೆ ರೇಗಿಹೋಯಿತು. “ನಿಮ್ಮ ವಂಶ ಬೆಳಗ!” ಎಂದು ಬೈಯುತ್ತ ಇರುವೆಗಳನ್ನು ಕೊಡವಿ, ಮೂಲೆಯಲ್ಲಿ ಬೋರಲು ಬಿದ್ದಿದ್ದ ಅಗಲವಾದ ತಟ್ಟೆಯನ್ನು ತೆಗೆದು ತೊಳೆದು, ಅದರ ತುಂಬ ನೀರು ಹಾಕಿ, ನಡುವೆ ಡಬ್ಬಿಯನ್ನಿಟ್ಟಳು. ಮೊದಲು ಬೀರುವಿನಲ್ಲಿದ್ದಾಗಲೂ ಡಬ್ಬಿ ಹೀಗೆಯೇ ನೀರಿನ ನಡುವೆ ಕೂತಿರುತ್ತಿತ್ತು. ಕ್ಯಾಂಟೀನು ಮುಚ್ಚಿ ಚಹಾ ತಾವೇ ಮಾಡಿಕೊಳ್ಳಬೇಕಾಗಿ ಬಂದಾಗಿನಿಂದ.

ಚಹಾ ಕುದಿಯಿತು. ಅವಳು ತಟ್ಟೆಯನ್ನೇ ನೋಡುತ್ತ ನಿಂತಳು.

ಕ್ಯಾಂಟೀನು ಮುಚ್ಚಿದ್ದು ಯಾವಾಗ? ನಾಲ್ಕು ವರ್ಷ. ಹೊಸ ಸಾಹೇಬರು ಬಂದು ಬೀರುವಿನಿಂದ ಡಬ್ಬಿ, ತಟ್ಟೆ ತೆಗೆಸಿದ್ದು ಮೂರು ತಿಂಗಳು. ಅದಾದ ಮೇಲೆ ಬಂದ ಮೊದಲ ಕಂತೆ ಪಟ್ಟಿ ಬುಧವಾರದ್ದೇ. ಚಹಾ ಉಕ್ಕಿ ಒಲೆ ಆರಿತು. ಆರಿದ್ದು ಅವಳಿಗೆ ಕಾಣಲಿಲ್ಲ.

ಎರಡು ಕೋಣೆಗಳ ನಡುವಿನ ಓಣಿಯಲ್ಲಿ ಆ ಬೀರು. ಕಬ್ಬಿಣದ್ದು, ಬಾಗಿಲಿಗೆ ರಬ್ಬರಿನ ಅಂಚು, ಹಾಕಿದರೆ ಗಾಳಿಯೂ ಆಡದು. ಮೇಲಿನ ಅಂಕಣದಲ್ಲಿ ಚಿಲಕದ ಪಟ್ಟಿಗಳು ಎರಡು ಮೂರು ವಾರ ಕಾಯುತ್ತಿದ್ದವು. ನಡುವಿನ ಅಂಕಣದಲ್ಲಿ ಮದ್ದು. ಬೆಳಿಗ್ಗೆ ಬಿಸಿಪೆಟ್ಟಿಗೆಯಲ್ಲಿ ಒಣಗಿಸಿ, ಕಾಗದದ ಬಟ್ಟಲುಗಳಲ್ಲಿ ಚಮಚ ಚಮಚ ಹಾಕಿ, ಮಧ್ಯಾಹ್ನ ಪರೀಕ್ಷೆಯ ಹೊತ್ತಿನವರೆಗೆ ಅಲ್ಲಿಡುತ್ತಿದ್ದಳು. ಕೆಳಗಿನ ಅಂಕಣದಲ್ಲಿ, ನಾಲ್ಕು ವರ್ಷ, ಒಂದು ತಟ್ಟೆ ನೀರು.

ಇರಲಿಕ್ಕಿಲ್ಲ, ಎಂದುಕೊಂಡಳು. ಒಂದು ತಟ್ಟೆ ನೀರು.

ಆದರೆ ತೇವ ಕುಡಿದ ನೈಲಾನು ಪೆಡಸು ಕಳೆದು ಗಟ್ಟಿಯಾಗುತ್ತದೆಂದು, ಈ ಮದ್ದೂ ಉಪ್ಪಿನ ಜಾತಿಯದು, ಗಾಳಿಯಲ್ಲಿ ತೇವವಿದ್ದರೆ ಕುಡಿದು ಸುಮ್ಮನಾಗುತ್ತದೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅದಕ್ಕೆಂದೇ ನಡುವಿನ ಅಂಕಣದಲ್ಲಿ ಗಾಜಿನ ಬಟ್ಟಲಲ್ಲಿ ತೇವ ಹೀರುವ ಹರಳುಗಳಿದ್ದವು. ನಸುಗೆಂಪು ಹರಳುಗಳು. ಮಾದರಿಯ ಮದ್ದನ್ನು ತರುತ್ತಿದ್ದ ದಿನಗಳಲ್ಲಿ ಅಣ್ಣ ಅವನ್ನು ದಾಳಿಂಬೆ ಎಂದು ಕರೆಯುತ್ತಿದ್ದ. “ನಿನ್ನ ದಾಳಿಂಬೆ ಯಾವಾಗ ಹಣ್ಣಾಗೋದು?” ಅವಳು ಬೀರುವಿನ ತಲೆಯ ಮೇಲೆ ಕೈಯಾಡಿಸಿ ಆ ಹರಳು ಬಂದಿದ್ದ ಹಳೆಯ ಡಬ್ಬಿಯನ್ನು ಹುಡುಕಿದಳು. ಧೂಳು ಒರೆಸಿ, ಕನ್ನಡಕವನ್ನು ಹಣೆಗೇರಿಸಿ, ಹತ್ತಿರ ಹಿಡಿದು ಓದಿದಳು. ಒಣಗಿದ್ದಾಗ ನೀಲಿ. ತೇವ ತುಂಬಿದಾಗ ಕೆಂಪು.

ನೀಲಿ! ಅವು ನೀಲಿಯಾಗಿದ್ದದ್ದನ್ನು ಅವಳು ಕಂಡಿದ್ದಳು, ನಿಜವಾಗಿಯೂ ಕಂಡಿದ್ದಳು, ಯಾವಾಗಲೋ. ಆಮೇಲೆ ಕೆಂಪಾದವು. ಕೆಂಪೇ ಅವುಗಳ ಬಣ್ಣವೆಂದು ತಾನು ಯಾವ ದಿನ ಒಪ್ಪಿಕೊಂಡೆನೆಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಆಮೇಲೆ ಹರಳುಗಳನ್ನು ಬಿಸಿಪೆಟ್ಟಿಗೆಗೆ ಹಾಕಿ ಉಗ್ರಾಣದ ಕಡೆ ನಡೆದಳು.

ಪ್ರತಿ ಬ್ಯಾಚಿನದೂ ಒಂದು ಡಬ್ಬಿ ಮದ್ದನ್ನು ಐದು ವರ್ಷ ತೆಗೆದಿಡುವುದು ಉಗ್ರಾಣದ ಪದ್ಧತಿ. ಉಗ್ರಾಣದ ತಾತ ಅವಳು ಹೇಳಿದ ನಂಬರು ಕೇಳಿ ಕತ್ತೆತ್ತಿದ.

“ಇದು ನಿಮ್ಮಣ್ಣಂದಲ್ವೇನಮ್ಮಾ?”

“ಹೂಂ.”

“ಮುಗಿದು ಹೋದದ್ದನ್ನ ಯಾಕೆ ಕೆದಕ್ತೀಯ?”

“ಮುಗಿದಿದ್ಯೋ ಇಲ್ವೋ ಅದೇ ಗೊತ್ತಾಗ್ತಿಲ್ಲ ತಾತ.”

ತಾತ ಬೀಗದ ಕೈ ತೆಗೆದ. “ಗೊತ್ತಾಗದಿದ್ರೆ ಡಬ್ಬಿ ವಾಪಸ್ ತಂದ್ಕೊಡು. ಗೊತ್ತಾದ್ರೆ ನನಗೆ ಹೇಳ್ಬೇಡ” ಎಂದ.

ಹೊಸ ಸಾಹೇಬರಿಗೆ ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವಳ ಮಗನ ವಯಸ್ಸಿನವರು. ಕೇಳುವಾಗ ಪೆನ್ನಿನ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ಇರುವುದು ರೂಢಿ. “ಒಂದು ತಟ್ಟೆ ನೀರಾ?” ಎಂದರು ಎರಡು ಸಲ. ಕೊನೆಗೆ, “ಸರಿ. ಇಬ್ಬರೂ ಸೇರಿ ನೋಡೋಣ” ಎಂದರು.

ಡಬ್ಬಿಯ ಮದ್ದನ್ನೆಲ್ಲ ಬಿಸಿಪೆಟ್ಟಿಗೆಯಲ್ಲಿ ಒಣಗಿಸಿದರು. ಅರ್ಧವನ್ನು ಹತ್ತು ಕಾಗದದ ಬಟ್ಟಲುಗಳಿಗೆ ಹಾಕಿ, ಹಳೆಯ ಹಾಗೆಯೇ ತಟ್ಟೆ ತುಂಬ ನೀರಿಟ್ಟು ಬೀರುವಿನೊಳಗೆ ಮುಚ್ಚಿದರು. ಉಳಿದರ್ಧ ಬಿಸಿಪೆಟ್ಟಿಗೆಯಲ್ಲೇ ಇತ್ತು. ಹರಳುಗಳು ಆ ಹೊತ್ತಿಗೆ ನೀಲಿಯಾಗಿದ್ದವು. ಒಂದು ಹಿಡಿಯನ್ನು ಅವಳು ಬೀರುವಿನೊಳಗಿಟ್ಟು, ಒಂದು ಹಿಡಿಯನ್ನು ಬಿರಡೆ ಬಿಗಿದ ಸೀಸೆಯಲ್ಲಿ ಹೊರಗಿಟ್ಟಳು.

ಶನಿವಾರ ಬೆಳಿಗ್ಗೆ ದೊಡ್ಡ ಉಯ್ಯಾಲೆಗೆ ಗಟ್ಟಿ ನಾರಿನ ಪಾದವನ್ನು ಹಾಕಿದಳು. ಉಕ್ಕಿನದಲ್ಲ, ಮರದಷ್ಟು ಮೆದುವಾದದ್ದು. ಮೊದಲು ಬೀರುವಿನ ಮದ್ದು. ಹಗ್ಗ ಎಳೆದಳು, ಪಾದ ಸರಸರ ಎಂದು ಹೋಯಿತು, ಬಂದಿತು. ಒಂದು. ಎರಡು. ಹತ್ತೂ ಮುಗಿದವು. ಸದ್ದಿಲ್ಲ. ಅವಳ ಕೈ ತಾನೇ ತಾನಾಗಿ ವಹಿಯ ಕಡೆ ಹೋಗಿ ನಿಂತಿತು.

ಆಮೇಲೆ ಒಣ ಮದ್ದು. ಒಂದು, ಸದ್ದಿಲ್ಲ. ಎರಡು, ಸದ್ದಿಲ್ಲ. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಮೂರಕ್ಕೆ ಚಟ್! ಗೋಡೆಯ ಈ ಕಡೆಗೂ ಸುಟ್ಟ ವಾಸನೆ ಬಂತು. ಐದಕ್ಕೆ ಮತ್ತೊಮ್ಮೆ. ಎಂಟಕ್ಕೆ, ಒಂಬತ್ತಕ್ಕೆ. ಹತ್ತರಲ್ಲಿ ನಾಲ್ಕು.

ಅವಳು ಹಗ್ಗವನ್ನು ಗೂಟಕ್ಕೆ ಸಿಕ್ಕಿಸಿದಳು.

“ಎರಡು ವರ್ಷದ ಹಳೇ ಮದ್ದು ಇದು” ಎಂದರು ಸಾಹೇಬರು. “ಹಳೇದಾಗಿದ್ದಕ್ಕೆ ಹೀಗಾಯ್ತೋ, ಒಣಗಿದ್ದಕ್ಕೋ. ಹೇಗೆ ಹೇಳ್ತೀರಿ?”

“ಬೀರುವಿನಲ್ಲಿದ್ದದ್ದೂ ಅದೇ ಡಬ್ಬಿದು ಸಾರ್. ಅಷ್ಟೇ ಹಳೇದು.”

“ಹೌದು. ಅದೂ ನಿಜ.” ಅವರು ಗೋಡೆಯ ಮೇಲಿನ ವಹಿಗಳ ಸಾಲನ್ನು ನೋಡಿದರು. ನಾಲ್ಕು ವರ್ಷದ ವಹಿಗಳು. “ಆದ್ರೆ ಆ ದಿನ ಪೆಟ್ಟಿಗೆಯಲ್ಲಿದ್ದ ಮದ್ದು ಎಷ್ಟು ಒಣಗಿತ್ತೋ ಯಾರಿಗೆ ಗೊತ್ತು? ನಿಮ್ಮಣ್ಣ ಯಾವ ಸೌಟು ಹಿಡಿದಿದ್ರೋ ಅದನ್ನ ನಿಮ್ಮ ಉಯ್ಯಾಲೆ ಹೇಳಲ್ಲ. ಮರದ್ದಾದ್ರೂ ಹೊತ್ತಿಕೊಳ್ಳಬಹುದಿತ್ತು ಅಂತ ಮಾತ್ರ ಹೇಳುತ್ತೆ.”

“ನಾನು ಅವತ್ತು ಇಲ್ಲ ಅಂದಿದ್ದೆ ಸಾರ್. ಹೊತ್ತಿಕೊಳ್ಳಲ್ಲ ಅಂದಿದ್ದೆ.”

“ಬರೆದುಕೊಡಿ, ಮೇಲೆ ಕಳಿಸ್ತೀನಿ. ಉಗ್ರಾಣದಲ್ಲಿರೋ ಮದ್ದನ್ನೆಲ್ಲ ಇವತ್ತೇ ತಡೆಹಿಡೀತೀನಿ.” ಮುಚ್ಚಳ ಹಾಕಿದರು. “ಆದ್ರೆ ಅಮ್ಮಾ, ತಪ್ಪು ಯಾರದು ಅಂತ ಕೇಳಿದಾಗ ಮೊದಲು ಬರೋದು ನಿಮ್ಮ ಹೆಸರೇ. ಅದು ತಲೇಲಿರಲಿ.”

*

ಭಾನುವಾರ ಬೆಳಿಗ್ಗೆ ಅವಳು ಅಣ್ಣನ ಮೇಜಿನ ಮೇಲೆ ಎರಡು ಸೀಸೆಗಳನ್ನು ಇಟ್ಟಳು. ಒಂದರಲ್ಲಿ ಹೊರಗಿದ್ದ ನೀಲಿ ಹರಳು, ಒಂದರಲ್ಲಿ ಬೀರುವಿನೊಳಗೆ ನಸುಗೆಂಪಾದದ್ದು. ಪಕ್ಕದಲ್ಲಿ ತಾನು ಬರೆದ ಕಾಗದ. ಹೇಳಬೇಕಾದದ್ದನ್ನು ಹೇಳಿ ಮುಗಿಸುವಷ್ಟರಲ್ಲಿ ಅತ್ತಿಗೆ ಬಾಗಿಲಿಗೆ ಬಂದು ನಿಂತಿದ್ದಳು.

ಅಣ್ಣ ನೀಲಿ ಸೀಸೆಯನ್ನು ಎಡಗೈಯಲ್ಲಿ ಎತ್ತಿ ಬೆಳಕಿಗೆ ಹಿಡಿದ.

“ದಾಳಿಂಬೆ ಕಾಯಿ” ಎಂದ.

ಸೀಸೆಯನ್ನು ಅಲ್ಲಾಡಿಸಿ ಅವಳ ಕಡೆ ತಿರುಗಿದ.

“ಅಂದ್ರೆ ನಾನಲ್ಲ ಅಂತಾಯ್ತಾ?”

“ಮರದ ಸೌಟಿಗೂ ಹೊತ್ತಿಕೊಳ್ಳೋ ಮದ್ದು ಅದು. ನೀನು ಹೇಳಿದ್ದು ನಿಜ ಇರ್ಬಹುದು ಅಂತಾಯ್ತು.”

“ನಾನು ಹೇಳಿದ್ದು.” ಅವನು ಸೀಸೆಯನ್ನು ಕೆಳಗಿಟ್ಟ. ಅವಳು ನಿರೀಕ್ಷಿಸಿದ್ದ ಯಾವುದೂ ಅವನ ಮುಖದ ಮೇಲೆ ಬರಲಿಲ್ಲ. ಸಂತೆಯಲ್ಲಿ ಕೈ ತಪ್ಪಿಹೋದ ಮಗುವಿನ ಹಾಗೆ ಅತ್ತ ಇತ್ತ ನೋಡಿದ. “ಈಗ ನೀನು ಬಂದು ಹೀಗಂದ್ರೆ ನಾನೇನು ಮಾಡ್ಲಿ? ಮೊದಮೊದಲು ನನ್ನ ಕೈಯಲ್ಲಿ ಮರದ್ದೇ ಇತ್ತು. ಅವರು ಕೇಳಿದ್ರು, ಕೇಳಿದ್ರು. ಆಮೇಲೆ ಕನಸಲ್ಲಿ ಕಬ್ಬಿಣದ್ದು ಬರೋಕೆ ಶುರುವಾಯ್ತು. ಈಗ ಹಗಲು ಹೊತ್ತಲ್ಲೂ ಅದೇ ಕಾಣುತ್ತೆ. ಕಣ್ಣಿಗೆ ಮಾತ್ರ ಅಲ್ಲ, ಕೈಗೂ ಗೊತ್ತಾಗುತ್ತೆ. ಇಲ್ಲದೇ ಇರೋ ಬೆರಳಿಗೆ. ತಣ್ಣಗೆ, ಗಟ್ಟಿಯಾಗಿ.”

“ತಣ್ಣಗಾ?”

“ಹೂಂ. ಕಬ್ಬಿಣ ಅಲ್ವಾ.”

“ಅಣ್ಣಾ, ಅವತ್ತು ಬಿಸಿಲು ಹೇಗಿತ್ತು? ಹೊರಗೆ ಬಿದ್ದಿದ್ದ ಕಬ್ಬಿಣದ ಸೌಟು ತಣ್ಣಗಿರೋಕೆ ಸಾಧ್ಯನಾ?”

ಅವನು ತನ್ನ ಬಲಗೈಯನ್ನು ಮಗುಚಿ ಮಗುಚಿ ನೋಡಿದ.

“ಗೊತ್ತಿಲ್ಲ” ಎಂದ. “ಪೆಟ್ಟಿಗೆಯ ನೆರಳಿತ್ತೇನೋ. ಗೊತ್ತಿಲ್ಲ.”

ಅತ್ತಿಗೆಯ ತಾಳ್ಮೆ ಮುಗಿಯಿತು. “ಹರಳು ನೀಲಿನೋ ಕೆಂಪೋ ನನಗೆ ಬೇಡ. ನಾಳೆ ಆ ಕಾಗದಕ್ಕೆ ರುಜು ಹಾಕಿದ್ರೆ ಗೇಟಿನ ಕೆಲಸ ಇದೆ. ನಿಮ್ಮ ಕಾಗದಕ್ಕೆ ಏನಿದೆ ಹೇಳಿ?”

“ಏನೂ ಇಲ್ಲ ಅತ್ತಿಗೆ. ನನ್ನ ಕೆಲಸವೂ ಇರುತ್ತೋ ಇಲ್ವೋ.”

“ಮತ್ತೆ?”

ಅತ್ತಿಗೆ ಹೇಳುವುದು ಸರಿಯೆನಿಸುತ್ತಿತ್ತು, ಆದರೂ ಕಾಗದವನ್ನು ಮಡಿಸಿ ಎದ್ದು ಹೋಗಲು ಕಾಲು ಬರುತ್ತಿರಲಿಲ್ಲ.

“ಓದು ಅದನ್ನ” ಎಂದ ಅಣ್ಣ.

ಅವಳು ಓದಿದಳು. ಉದ್ದವೇನಿರಲಿಲ್ಲ. ಸಕ್ಕರೆ ಡಬ್ಬಿಯನ್ನು ತಾನೇ ಬೀರುವಿನಲ್ಲಿ ಇಟ್ಟಿದ್ದು, ಇರುವೆ ಬರದಿರಲೆಂದು ಅದರ ಕೆಳಗೆ ನಾಲ್ಕು ವರ್ಷ ನೀರಿನ ತಟ್ಟೆ ಇದ್ದದ್ದು, ಅದರಿಂದ ಪಟ್ಟಿ ಮತ್ತು ಮದ್ದು ಎರಡೂ ತೇವಗೊಂಡು ಎರಡು ಲೋಲಕಗಳೂ ಇದ್ದುದಕ್ಕಿಂತ ಒಳ್ಳೆಯ ಫಲಿತಾಂಶ ತೋರಿಸಿದ್ದು, ಶನಿವಾರದ ನಾಲ್ಕು ಸದ್ದು. ಎರಡು ವರ್ಷದ ಹಿಂದೆ ವಿಚಾರಣೆಯಲ್ಲಿ ತಾನು ‘ಇಲ್ಲ’ ಎಂದದ್ದು ತಪ್ಪು, ‘ಗೊತ್ತಿಲ್ಲ’ ಎನ್ನಬೇಕಿತ್ತು ಎಂಬಲ್ಲಿಗೆ ಮುಗಿಯುತ್ತಿತ್ತು.

“ಇದಕ್ಕೆ ಸಾಕ್ಷಿ ಯಾರು?”

“ಶನಿವಾರದ್ದಕ್ಕೆ ಸಾಹೇಬರು. ತಟ್ಟೆಗೆ ಯಾರೂ ಇಲ್ಲ. ನನ್ನ ಮಾತಷ್ಟೇ. ಸುಳ್ಳು ಅಂದ್ರೆ ಸುಳ್ಳು. ಅಣ್ಣನಿಗಾಗಿ ಕಟ್ಟಿದ ಕಥೆ ಅಂತಾರೆ.”

ಅಣ್ಣ ನಿಧಾನವಾಗಿ ನಕ್ಕ. ಗುರುವಾರದ ನಗೆಯಲ್ಲ, ಅದಕ್ಕಿಂತ ಹಳೆಯದು.

“ನಾನು ಮಾದರಿ ತಂದಾಗೆಲ್ಲ ಚಹಾ ಕುಡಿದು ಹೋಗ್ತಿದ್ನಲ್ಲ, ಮರೆತ್ಯಾ? ಆ ಬೀರು ಬಾಗಿಲು ತೆಗೆದು ಸಕ್ಕರೆ ಹಾಕ್ಕೊಳ್ತಿದ್ದವನು ನಾನು. ‘ತಟ್ಟೆ ಒಣಗಿದೆಯಲ್ಲೇ ಸೋಮಾರಿ’ ಅಂತ ಬೈದು, ಎ‌ಷ್ಟು ಸಲ ಚೊಂಬಲ್ಲಿ ನೀರು ತಂದು ಸುರಿದಿಲ್ಲ? ಅವತ್ತಿನ ಬ್ಯಾಚು ತಂದ ದಿನವೂ ಸುರಿದಿರ್ಬೇಕು.” ಅವನ ನಗು ನಿಂತಿತು. “ಸುರಿದಿದ್ನಾ? ಸುರಿದಿರ್ಬೇಕು.”

ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು. ಹಾಗಾದರೆ ತಪ್ಪು ಅವನದೂ ಆಯಿತೋ, ಅವಳದೊಂದೇ ಆಗಿ ಉಳಿಯಿತೋ, ಅಥವಾ ಇರುವೆಗಳದೋ ಅವಳಿಗೆ ತಿಳಿಯಲಿಲ್ಲ.

ಅವನು ನೀರಿನ ಲೋಟವನ್ನು ಎತ್ತಿ ಅದರ ಕೆಳಗಿದ್ದ ಮೇಲಿನವರ ಕಾಗದವನ್ನು ತೆಗೆದ. ಅದರ ಮೇಲೆ ಲೋಟದ ಬುಡದ ದುಂಡು ಒದ್ದೆ ಗುರುತಿತ್ತು. ಹೆಂಡತಿಯತ್ತ ಚಾಚಿದ. “ಇದನ್ನ ಎತ್ತಿಡು. ಯಾವ ಸೌಟು ಅಂತ ನನಗೇ ಗೊತ್ತಿಲ್ದಿರುವಾಗ ಗೊತ್ತು ಅಂತ ಹೇಗೆ ಬರೆದುಕೊಡ್ಲಿ? ತಟ್ಟೆ ಗೊತ್ತು. ನೀರು ಗೊತ್ತು. ಅದಕ್ಕೆ ಬೇಕಾದ್ರೆ ಹಾಕ್ತೀನಿ.”

“ನಾಳೆ ಆಮೇಲೆ?” ಎಂದಳು ಅತ್ತಿಗೆ.

“ನಾಳೆ ಆಮೇಲೆ ನಾಡಿದ್ದು.”

ಅತ್ತಿಗೆ ಕಾಗದವನ್ನು ಹಿಡಿದು ನಿಂತಳು. ಹರಿಯಲೂ ಇಲ್ಲ, ಮಡಿಸಲೂ ಇಲ್ಲ. ಕೊನೆಗೆ ಒದ್ದೆ ಗುರುತನ್ನು ಬಟ್ಟೆಯಿಂದ ಒತ್ತಿ ಒರೆಸಿ, ಅವನ ರುಜುಗಳಿಂದ ತುಂಬಿದ ಹಳೆಯ ಪತ್ರಿಕೆಗಳ ನಡುವೆ ಇಟ್ಟು ಒಳಗೆ ಹೋದಳು. ಒಳಗಿನಿಂದ ಪಾತ್ರೆ ಜೋರಾಗಿ ಇಟ್ಟ ಸದ್ದು ಬಂತು.

ಅಣ್ಣ ತಂಗಿಯ ಕಾಗದವನ್ನು ಎದುರಿಗೆಳೆದುಕೊಂಡ. ಎರಡು ಬೆರಳಿನ ಕೈಯಿಂದ ಒತ್ತಿ ಹಿಡಿದು, ಅವಳ ಹೆಸರಿನ ಕೆಳಗೆ ‘ನೀರು ಹಾಕಿದವನು’ ಎಂದು ಬರೆದ. ಅದರ ಕೆಳಗೆ ರುಜು. ತಿಂಗಳಿಂದ ಬೇರೊಂದು ಕಾಗದಕ್ಕೆಂದು ತಿದ್ದಿದ ರುಜು ಇಲ್ಲಿಯೂ ಎಡಕ್ಕೇ ವಾಲಿತು, ಕೊನೆಯ ಅಕ್ಷರದ ಬಾಲ ಕಾಗದದ ಅಂಚು ದಾಟಿ ಮೇಜಿನ ಮೇಲೂ ಒಂದು ಗೀಟು ಎಳೆಯಿತು.

ಅವನು ಪೆನ್ನು ಹಾಗೇ ಹಿಡಿದು ನೋಡಿದ.

“ಸರಿಯಾಗಿದ್ಯೇನೇ ತಂಗಿ?”

ಅವಳು ಕನ್ನಡಕ ತೆಗೆದು ಮೇಲಂಗಿಯ ತುದಿಯಿಂದ ಒರೆಸಿದಳು. ಮತ್ತೆ ಹಾಕಿಕೊಂಡು ನೋಡಿದಳು. ಅಕ್ಷರಗಳು ಈಗಲೂ ಒದ್ದೆಯಾಗಿದ್ದವು.

“ಗೊತ್ತಾಗ್ತಿಲ್ಲ ಅಣ್ಣಾ” ಎಂದಳು. “ಒಣಗಲಿ, ನೋಡೋಣ.”